ನಾಲ್ಕು ಚೀಟಿ, ಒಂದೇ ದೇಹ: ಹಲವು ಕಾಯಿಲೆ ಇರುವವರ ಔಷಧ ನೋಡಿಕೊಳ್ಳುವ ನನ್ನ ವಿಧಾನ

ಶುಗರ್, ಬಿ.ಪಿ., ಹೃದಯದ ತೊಂದರೆ, ಥೈರಾಯ್ಡ್, ಮಂಡಿನೋವು. ಇವುಗಳಲ್ಲಿ ಮೂರ್ನಾಲ್ಕು ಒಬ್ಬರಿಗೇ ಇದ್ದರೆ ಕೈಯಲ್ಲಿ ಮೂರ್ನಾಲ್ಕು ವೈದ್ಯರ ಚೀಟಿಯೂ ಇರುತ್ತದೆ. ಒಂದೊಂದು ಚೀಟಿಯನ್ನು ಬಿಡಿಬಿಡಿಯಾಗಿ ನೋಡಿದರೆ ತಪ್ಪು ಕಾಣುವುದು ಕಡಿಮೆ. ಎಲ್ಲವನ್ನೂ ಒಟ್ಟಿಗೆ ಹರಡಿಕೊಂಡಾಗಲೇ ತೊಡಕು ಗೊತ್ತಾಗುವುದು: ಒಬ್ಬರು ಬರೆದದ್ದು ಇನ್ನೊಬ್ಬರು ಬರೆದದ್ದಕ್ಕೆ ಅಡ್ಡ ಬಂದಿರುತ್ತದೆ, ಇಲ್ಲವೇ ಇಬ್ಬರೂ ಒಂದೇ ಔಷಧವನ್ನು ಬೇರೆ ಬೇರೆ ಹೆಸರಿನಲ್ಲಿ ಬರೆದಿರುತ್ತಾರೆ. ಹಾಗೆ ಹರಡಿಕೊಂಡು ನೋಡುವ ಅವಕಾಶ ದಿನನಿತ್ಯ ಸಿಗುವುದು ಫಾರ್ಮಸಿಸ್ಟ್‌ಗೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಗಳಿಂದಾಗುವ ಹಾನಿ ತಡೆಯುವ ಜಾಗತಿಕ ಅಭಿಯಾನ ಶುರುಮಾಡಿದಾಗ ಮುಖ್ಯವೆಂದು ಆರಿಸಿಕೊಂಡ ಮೂರು ವಿಷಯಗಳಲ್ಲಿ ಎರಡು ನಮ್ಮ ಕೌಂಟರಿನವೇ: ಒಬ್ಬರೇ ಹಲವು ಔಷಧ ತೆಗೆದುಕೊಳ್ಳುವುದು, ಮತ್ತು ಆಸ್ಪತ್ರೆಯಿಂದ ಮನೆಗೆ ಬರುವಂಥ ಹೊತ್ತಿನಲ್ಲಿ ಔಷಧಪಟ್ಟಿ ಏರುಪೇರಾಗುವುದು.

ಮೊದಲ ಭೇಟಿಗೆ ನಾನು ಚೀಟಿ ಕೇಳುವುದಿಲ್ಲ, ಚೀಲ ಕೇಳುತ್ತೇನೆ. ಮನೆಯಲ್ಲಿರುವ ಔಷಧವನ್ನೆಲ್ಲ ತುಂಬಿಕೊಂಡು ಬನ್ನಿ ಎಂದರೆ ಸಾಲದು, ಬಿಡಿಸಿ ಹೇಳಬೇಕು: ಕಣ್ಣಿನ ಹನಿ, ಇನ್ಹೇಲರ್, ಇನ್ಸುಲಿನ್, ಹಚ್ಚುವ ಮುಲಾಮು, ನೋವಿಗೆ ಆಗಾಗ ನುಂಗುವ ಮಾತ್ರೆ, ಗ್ಯಾಸಿನ ಸಿರಪ್, ನಿದ್ದೆ ಮಾತ್ರೆ, ವಿಟಮಿನ್, ಗಿಡಮೂಲಿಕೆ ಪುಡಿ, ನಿಲ್ಲಿಸಿದರೂ ಎಸೆಯದೆ ಇಟ್ಟದ್ದು. ಕಣ್ಣಿನ ಹನಿಯನ್ನು ಜನ ಔಷಧದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಗ್ಲಾಕೋಮಾಗೆ (ಕಣ್ಣಿನ ಒಳ ಒತ್ತಡದ ಕಾಯಿಲೆ) ಹಾಕುವ ಟಿಮೊಲಾಲ್ ಒಂದು ಬೀಟಾ ಬ್ಲಾಕರ್, ಅಂದರೆ ನಾಡಿ ಬಡಿತ ತಗ್ಗಿಸುವ ಗುಂಪಿನ ಔಷಧ. ಕಣ್ಣಿಗೆ ಬಿದ್ದ ಹನಿ ಮೂಗಿನ ನಾಳಕ್ಕಿಳಿದು ಅಲ್ಲಿಂದ ನೇರ ರಕ್ತಕ್ಕೆ ಸೇರುತ್ತದೆ. ಅಸ್ತಮಾ ಇರುವವರಿಗೆ ಉಸಿರು ಕಟ್ಟಬಹುದು. ಅದೇ ಗುಂಪಿನ ಮೆಟೊಪ್ರೊಲಾಲ್ ಮಾತ್ರೆ ತೆಗೆದುಕೊಳ್ಳುವವರಿಗೆ ನಾಡಿ ಬಡಿತ ಇನ್ನಷ್ಟು ಇಳಿಯಬಹುದು. ಶ್ವಾಸಕೋಶದ ವೈದ್ಯರು ಇನ್ಹೇಲರ್ ಡೋಸ್ ಏರಿಸುತ್ತಲೇ ಹೋಗುತ್ತಾರೆ, ಏಕೆಂದರೆ ಅವರ ಮುಂದಿನ ಚೀಟಿಯಲ್ಲಿ ಆ ಹನಿ ಇಲ್ಲ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ರಕ್ತಕ್ಕೆ ಹೋಗುವ ಪ್ರಮಾಣ ಕಡಿಮೆಯಾಗುತ್ತದೆ. ಅಸ್ತಮಾ ಇದ್ದರೆ ಮಾತ್ರ ಅಷ್ಟಕ್ಕೆ ಬಿಡುವಂತಿಲ್ಲ; ಹನಿಯನ್ನೇ ಬದಲಿಸಲು ಕಣ್ಣಿನ ವೈದ್ಯರಿಗೆ ಬರೆಯಬೇಕು.

ಚೀಲದಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲಿಟ್ಟು ಒಂದು ಪಟ್ಟಿ ಮಾಡುತ್ತೇನೆ. ಮೂಲ ಔಷಧದ ಹೆಸರು, ಮಿಲಿಗ್ರಾಂ, ಯಾರು ಬರೆದದ್ದು, ಯಾವ ಕಾಯಿಲೆಗೆ, ಯಾವಾಗಿನಿಂದ, ನಿಜವಾಗಿ ಹೇಗೆ ತೆಗೆದುಕೊಳ್ಳುತ್ತಿದ್ದಾರೆ. ಕಾಂಬಿನೇಷನ್ ಮಾತ್ರೆಯನ್ನು ಬಿಡಿಸಿ ಎರಡು ಸಾಲಿನಲ್ಲಿ ಬರೆಯುವುದು ಕಡ್ಡಾಯ. ಟೆಲ್ಮಿಸಾರ್ಟಾನ್ ಮತ್ತು ಅಮ್ಲೋಡಿಪಿನ್ ಸೇರಿದ ಬಿ.ಪಿ. ಮಾತ್ರೆ ಒಬ್ಬರಿಂದ, ಬರೀ ಅಮ್ಲೋಡಿಪಿನ್ ಇನ್ನೊಬ್ಬರಿಂದ ಬಂದಿದ್ದರೆ ಬ್ರ್ಯಾಂಡ್ ಹೆಸರು ನೋಡಿ ಯಾರಿಗೂ ಗೊತ್ತಾಗುವುದಿಲ್ಲ. ಬಿಡಿಸಿ ಬರೆದರೆ ತಾನಾಗಿ ಕಾಣುತ್ತದೆ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್, ಪ್ಯಾರಾಸಿಟಮಾಲ್ ಕೂಡ ಹೀಗೇ ಎರಡು ಕಡೆಯಿಂದ ನುಸುಳುತ್ತವೆ. ನೆಗಡಿ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಇದೆ ಎಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ.

“ಯಾವ ಕಾಯಿಲೆಗೆ” ಎಂಬ ಅಂಕಣ ಖಾಲಿ ಉಳಿದ ಔಷಧ ಮೊದಲ ಪ್ರಶ್ನೆ. ಕಾಯಿಲೆ ಇದ್ದೂ ಎದುರಿಗೆ ಔಷಧ ಇಲ್ಲದಿದ್ದರೆ ಅದು ಎರಡನೆಯದು: ಹೃದಯಾಘಾತ ಆಗಿದೆ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಇಲ್ಲ, ಯಾಕೆ ಬಿಟ್ಟರು? ಈ ಕೆಲಸ ಅಂದರೆ ಮಾತ್ರೆ ಕಡಿಮೆ ಮಾಡುವುದಷ್ಟೇ ಎಂದು ತಿಳಿದವರಿದ್ದಾರೆ. ಬೇಕಾದದ್ದು ಬಿಟ್ಟುಹೋಗಿರುವುದೂ ಅಷ್ಟೇ ಹಾನಿ.

ಕೊನೆಯ ಅಂಕಣಕ್ಕೆ ಸಮಯ ಕೊಡಬೇಕು. “ಸರಿಯಾಗಿ ತಗೋತಿದ್ದೀರಾ?” ಎಂದರೆ “ಹೂಂ” ಎಂದೇ ಉತ್ತರ ಬರುತ್ತದೆ. ನಾನು ಕೇಳುವುದು ಹೀಗೆ: “ಅಮ್ಮಾ, ಬೆಳಿಗ್ಗೆ ಎದ್ದಾಗಿಂದ ಮಲಗುವ ತನಕ ಯಾವ ಮಾತ್ರೆ ಯಾವಾಗ ತಗೋತೀರಿ, ಒಂದೊಂದಾಗಿ ತೆಗೆದು ತೋರಿಸಿ.” ಆಮೇಲೆ: “ಎಲ್ಲರಿಗೂ ಆಗೊಮ್ಮೆ ಈಗೊಮ್ಮೆ ತಪ್ಪುತ್ತೆ. ಹೋದ ವಾರ ಎಷ್ಟು ಸಲ ತಪ್ಪಿತು?” ಜೊತೆಗೆ ಸ್ಟ್ರಿಪ್ಪಿನಲ್ಲಿ ಉಳಿದ ಮಾತ್ರೆ ಎಣಿಸಿ ಕೊಂಡ ದಿನಾಂಕಕ್ಕೆ ತಾಳೆ ನೋಡುತ್ತೇನೆ. ದೀರ್ಘಕಾಲದ ಔಷಧವನ್ನು ಹೇಳಿದಂತೆ ತೆಗೆದುಕೊಳ್ಳುವವರು ಮುಂದುವರಿದ ದೇಶಗಳಲ್ಲೂ ಸರಾಸರಿ ಅರ್ಧದಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ಹೇಳಿತ್ತು. ಹಾಗಾಗಿ ತಪ್ಪಿಸಿದ್ದಕ್ಕೆ ಗದರಿಸಿ ಫಲವಿಲ್ಲ, ಕಾರಣ ಬೇಕು. ಮರೆತವರಿಗೆ ಡಬ್ಬಿ, ಅಲಾರಂ ನೆರವಾಗುತ್ತವೆ. ಹೊರಗೆ ಹೋದಾಗ ಮೂತ್ರಕ್ಕೆ ಅವಸರವಾಗುತ್ತದೆಂದು ನೀರಿಳಿಸುವ ಮಾತ್ರೆಯಾದ ಫ್ಯೂರೋಸೆಮೈಡ್ ಬಿಡುವವರಿಗೆ ಅಲಾರಂ ಏನು ಮಾಡೀತು? ಅಂಥವರಿಗೆ ಮನೆಗೆ ಬಂದಮೇಲೆ ಮಧ್ಯಾಹ್ನ ತೆಗೆದುಕೊಳ್ಳಲು ವೈದ್ಯರ ಒಪ್ಪಿಗೆ ಪಡೆದುಕೊಟ್ಟರೆ ಸಾಕು. ಹಣಕ್ಕಾಗಿ ದಿನ ಬಿಟ್ಟು ದಿನ ನುಂಗುವವರಿಗೆ ಅದೇ ಔಷಧದ ಕಡಿಮೆ ಬೆಲೆಯ ಜೆನೆರಿಕ್ ತೋರಿಸಬೇಕು. ಈ ಕಾರಣ ತಿಳಿಯದೆ ಬಿ.ಪಿ. ಇಳಿದಿಲ್ಲವೆಂದು ಇನ್ನೊಂದು ಮಾತ್ರೆ ಸೇರಿಸಿದರೆ, ಎಲ್ಲವನ್ನೂ ಒಮ್ಮೆ ಸರಿಯಾಗಿ ನುಂಗಿದ ದಿನ ತಲೆಸುತ್ತಿ ಬೀಳುತ್ತಾರೆ.

ಪಟ್ಟಿ ಮುಗಿದ ಮೇಲೆ ನಾನು ಮೊದಲು ನೋಡುವುದು ಕಿಡ್ನಿ. ಲ್ಯಾಬ್ ವರದಿಯಲ್ಲಿ ಕ್ರಿಯಾಟಿನಿನ್ (ಸ್ನಾಯುವಿನಲ್ಲಿ ಹುಟ್ಟಿ ಕಿಡ್ನಿ ಹೊರಹಾಕುವ ಕಶ್ಮಲ) 1.1 ಎಂದು ಇದ್ದರೆ ಸಾಮಾನ್ಯವಾಗಿ ಕೆಂಪು ಗುರುತು ಇರುವುದಿಲ್ಲ. ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರಕ್ಕೆ ಹಾಕಿ ನೋಡಿ: 140ರಿಂದ ವಯಸ್ಸು ಕಳೆದು ತೂಕದಿಂದ ಗುಣಿಸಿ, ಅದನ್ನು 72 ಮತ್ತು ಕ್ರಿಯಾಟಿನಿನ್‌ಗಳ ಗುಣಲಬ್ಧದಿಂದ ಭಾಗಿಸಬೇಕು, ಹೆಂಗಸರಾದರೆ ಬಂದದ್ದನ್ನು 0.85ರಿಂದ ಗುಣಿಸಬೇಕು. 40 ವರ್ಷದ, 75 ಕಿಲೋ ತೂಕದ ಗಂಡಸಿಗೆ 1.1 ಎಂದರೆ ಕಿಡ್ನಿ ಸೋಸುವ ಪ್ರಮಾಣ (ಕ್ಲಿಯರೆನ್ಸ್) ನಿಮಿಷಕ್ಕೆ ಸುಮಾರು 95 ಮಿಲಿ. 78 ವರ್ಷದ, 45 ಕಿಲೋ ತೂಕದ ಅಜ್ಜಿಗೆ ಅದೇ 1.1 ಎಂದರೆ ಸುಮಾರು 30. ಸ್ನಾಯು ಕರಗಿದ ದೇಹದಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ, ಅದಕ್ಕೇ ಅಂಕಿ ಚೆನ್ನಾಗಿ ಕಾಣುತ್ತದೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಡಾಬಿಗಾಟ್ರಾನ್, ನರದ ನೋವಿನ ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್ ಇವುಗಳ ಡೋಸನ್ನು ಈ ಲೆಕ್ಕದ ಮೇಲೆ ಮತ್ತೆ ನೋಡಬೇಕಾಗುತ್ತದೆ. ಮೆಟ್‌ಫಾರ್ಮಿನ್‌ಗೆ ಮಾತ್ರ ವರದಿಯಲ್ಲೇ ಬರುವ ಇಜಿಎಫ್‌ಆರ್ (ಕಿಡ್ನಿ ಸೋಸುವ ಪ್ರಮಾಣದ ಇನ್ನೊಂದು ಅಂದಾಜು) ನೋಡುವುದು ರೂಢಿ: 45ಕ್ಕಿಂತ ಕೆಳಗಿಳಿದರೆ ಡೋಸ್ ತಗ್ಗಿಸುವ ವಿಚಾರ, 30ಕ್ಕಿಂತ ಕೆಳಗಾದರೆ ನಿಲ್ಲಿಸಬೇಕು. ವಾಂತಿಭೇದಿ, ಸೋಂಕಿನಿಂದ ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಬದಲಾಗುತ್ತಿರುವಾಗ ಈ ಎರಡು ಲೆಕ್ಕವನ್ನೂ ನಂಬುವಂತಿಲ್ಲ.

ಕಿಡ್ನಿ ಎಂದೊಡನೆ ನೋವಿನ ಮಾತ್ರೆಯ ಮಾತು ಬರಲೇಬೇಕು. ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟಾನ್ ಗುಂಪಿನ ಬಿ.ಪಿ. ಔಷಧ, ಒಂದು ನೀರಿಳಿಸುವ ಮಾತ್ರೆ, ಅವುಗಳ ಮೇಲೆ ಡೈಕ್ಲೊಫೆನಾಕ್ ಅಥವಾ ಐಬುಪ್ರೊಫೆನ್. ಈ ಮೂರು ಒಂದೇ ಪಟ್ಟಿಯಲ್ಲಿ ಕಂಡರೆ ಆ ದಿನವೇ ಫೋನ್ ಮಾಡುತ್ತೇನೆ. ಕಿಡ್ನಿಯ ಸೋಸುಗಂಟಿಗೆ ರಕ್ತ ಒಳಬರುವ ನಾಳವನ್ನು ತೆರೆದಿಡುವುದು ಪ್ರೋಸ್ಟಗ್ಲಾಂಡಿನ್, ನೋವಿನ ಮಾತ್ರೆ ಅದನ್ನು ತಡೆಯುತ್ತದೆ. ಹೊರಹೋಗುವ ನಾಳ ಬಿಗಿಯಾಗಿದ್ದರೆ ಒಳಗೆ ಒತ್ತಡ ಉಳಿಯುತ್ತದೆ, ಬಿ.ಪಿ. ಔಷಧ ಅದನ್ನು ಸಡಿಲಿಸುತ್ತದೆ. ನೀರಿಳಿಸುವ ಮಾತ್ರೆ ರಕ್ತದ ಪ್ರಮಾಣವನ್ನೇ ತಗ್ಗಿಸಿರುತ್ತದೆ. ಮೂರೂ ಕೂಡಿದರೆ ಸೋಸಲು ಒತ್ತಡವೇ ಇರುವುದಿಲ್ಲ. ಮಂಡಿನೋವಿಗೆ ಮೊದಲು ಹಚ್ಚುವ ಡೈಕ್ಲೊಫೆನಾಕ್ ಜೆಲ್, ಬೇಕಿದ್ದರೆ ಜೊತೆಗೆ ಪ್ಯಾರಾಸಿಟಮಾಲ್. ವಯಸ್ಸಾದವರಿಗೆ, ತೂಕ ಕಡಿಮೆ ಇರುವವರಿಗೆ ದಿನಕ್ಕೆ 3 ಗ್ರಾಂ ದಾಟದಂತೆ. ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುವ ಸ್ಪೈರೊನೊಲ್ಯಾಕ್ಟೋನ್ ಕೂಡ ಪಟ್ಟಿಯಲ್ಲಿದ್ದರೆ ಅಡುಗೆಗೆ ಯಾವ ಉಪ್ಪು ಬಳಸುತ್ತೀರಿ ಎಂದು ಕೇಳುತ್ತೇನೆ. ಬಿ.ಪಿ.ಗೆ ಒಳ್ಳೆಯದೆಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ರಕ್ತದ ಪೊಟ್ಯಾಸಿಯಂ 5.5 ದಾಟಿದರೆ ಹೃದಯದ ಲಯಕ್ಕೇ ಅಪಾಯ.

ಇನ್ನೊಂದು ಅಭ್ಯಾಸವನ್ನು ಎಲ್ಲ ಫಾರ್ಮಸಿಸ್ಟ್‌ಗಳೂ ರೂಢಿಸಿಕೊಳ್ಳಬೇಕು ಎನ್ನುವುದು ನನ್ನ ಬಲವಾದ ಅಭಿಪ್ರಾಯ. ಹೊಸ ತೊಂದರೆ ಶುರುವಾಗಿದೆ ಎಂದಾಗ, ಅದಕ್ಕೆ ಹೊಸ ಔಷಧ ಕೊಡುವ ಮೊದಲು, ಇತ್ತೀಚೆಗೆ ಪಟ್ಟಿಗೆ ಸೇರಿದ್ದು ಏನು, ಏರಿದ ಡೋಸ್ ಯಾವುದು ಎಂದು ನೋಡಿ. ಅಮ್ಲೋಡಿಪಿನ್‌ನಿಂದ ಪಾದ ಊದಿಕೊಳ್ಳುತ್ತದೆ. ಅದಕ್ಕೆ ಫ್ಯೂರೋಸೆಮೈಡ್ ಬರುತ್ತದೆ. ಈ ಊತಕ್ಕೆ ಕಾರಣ ಸಣ್ಣ ರಕ್ತನಾಳಗಳಿಂದ ನೀರು ಜಿನುಗುವುದು. ದೇಹದಲ್ಲಿ ನೀರು ಹೆಚ್ಚಿರುವುದಿಲ್ಲ, ಹಾಗಾಗಿ ನೀರಿಳಿಸಿದರೂ ಊತ ಅಷ್ಟಾಗಿ ಇಳಿಯುವುದಿಲ್ಲ. ಇತ್ತ ಪೊಟ್ಯಾಸಿಯಂ ಇಳಿಯುತ್ತದೆ, ಯೂರಿಕ್ ಆಸಿಡ್ ಏರುತ್ತದೆ, ಹೆಬ್ಬೆರಳು ಕೆಂಪಾಗಿ ಗೌಟ್ ಬರುತ್ತದೆ, ಅದಕ್ಕೆ ನೋವಿನ ಮಾತ್ರೆ, ಅದರಿಂದ ಬಿ.ಪಿ. ಏರಿ ಅಮ್ಲೋಡಿಪಿನ್ 5ರಿಂದ 10ಕ್ಕೆ. ಎರಡು ಔಷಧ ಸೇರಿತು, ಒಂದರ ಡೋಸ್ ಏರಿತು, ಮೂಲ ಒಂದೇ. ರಾಮಿಪ್ರಿಲ್ ಕೆಮ್ಮಿಗೆ ಸಿರಪ್ ಕುಡಿಯುವವರು ಇದೇ ಸಾಲಿನವರು. ಔಷಧ ಬದಲಿಸಿದರೆ ಆ ಕೆಮ್ಮು ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಹೋಗುತ್ತದೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರ ಕಾಲು ಜೋಮು ಹಿಡಿದರೆ ಶುಗರ್‌ನಿಂದಲೇ ಎಂದು ಪ್ರೀಗ್ಯಾಬಲಿನ್ ಶುರುಮಾಡುವ ಮುನ್ನ ವಿಟಮಿನ್ ಬಿ12 ನೋಡಿಸಬೇಕು. ಪ್ರೀಗ್ಯಾಬಲಿನ್‌ನಿಂದಲೂ ಪಾದ ಊದುತ್ತದೆ, ಮತ್ತೆ ಅದೇ ಚಕ್ರ. ಪ್ರೋಸ್ಟೇಟ್ ತೊಂದರೆ ಇರುವ ಹಿರಿಯರಿಗೆ ಇದ್ದಕ್ಕಿದ್ದಂತೆ ಮೂತ್ರ ಕಟ್ಟಿದರೆ, ಮಂಕು ಕವಿದರೆ, ನೆಗಡಿಗೆಂದು ಕೊಂಡ ಕ್ಲೋರ್‌ಫೆನಿರಮಿನ್ ಅಥವಾ ನಿದ್ದೆಗೆಂದು ಬಂದ ಅಮಿಟ್ರಿಪ್ಟಿಲಿನ್ ಹುಡುಕಿ.

ಕಾಯಂ ಪಟ್ಟಿ ಚೆನ್ನಾಗಿದ್ದರೂ ಐದು ದಿನದ ಔಷಧ ಅದನ್ನು ಕೆಡಿಸಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮೇಲೆ ಸೋಂಕಿನ ಔಷಧಗಳಾದ ಮೆಟ್ರೊನಿಡಜೋಲ್, ಕೊಟ್ರೈಮಾಕ್ಸಜೋಲ್ ಅಥವಾ ಫ್ಲುಕೊನಜೋಲ್ ಬಂದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ಅಂಕಿ) ಏರಿ ರಕ್ತಸ್ರಾವ ಆಗಬಹುದು. ಸಿಮ್ವಾಸ್ಟಾಟಿನ್ ಮೇಲೆ ಕ್ಲಾರಿತ್ರೊಮೈಸಿನ್ ಕೊಡುವಂತೆಯೇ ಇಲ್ಲ, ಸ್ನಾಯು ಕರಗಿ ಕಿಡ್ನಿಗೆ ಪೆಟ್ಟು. ಶುಗರ್‌ಗೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತೆಗೆದುಕೊಳ್ಳುವವರಿಗೆ ಕ್ಲಾರಿತ್ರೊಮೈಸಿನ್ ಅಥವಾ ಸಿಪ್ರೊಫ್ಲಾಕ್ಸಸಿನ್ ಬಂದರೆ ಶುಗರ್ ದಿಢೀರ್ ಇಳಿಯಬಹುದು. ಮೆಥೊಟ್ರೆಕ್ಸೇಟ್ ಜೊತೆ ಕೊಟ್ರೈಮಾಕ್ಸಜೋಲ್ ಸೇರಿದರೆ ಅಸ್ಥಿಮಜ್ಜೆಯೇ ಕುಸಿಯುತ್ತದೆ. ಆ್ಯಂಟಿಬಯೋಟಿಕ್ ಕೊಡುವ ಮುನ್ನ ಆ ಮನೆಯ ಪಟ್ಟಿ ತೆರೆಯುವುದು ಅರ್ಧ ನಿಮಿಷದ ಕೆಲಸ.

ಮೆಥೊಟ್ರೆಕ್ಸೇಟ್ ಎಂದಾಗ ಇನ್ನೊಂದು: ಸಂಧಿವಾತಕ್ಕೆ ಅದು ವಾರಕ್ಕೊಮ್ಮೆ. ದಿನಾ ನುಂಗಿ ಸತ್ತವರಿದ್ದಾರೆ. ಡಬ್ಬಿಯ ಮೇಲೆ “ಸೋಮವಾರ ಮಾತ್ರ” ಎಂದು ದಪ್ಪಕ್ಷರದಲ್ಲಿ ಬರೆದು, ಫೋಲಿಕ್ ಆಸಿಡ್‌ಗೆ ವಾರದ ಬೇರೊಂದು ದಿನ ಗೊತ್ತುಮಾಡಿ, ಒಂದು ಸಲಕ್ಕೆ ನಾಲ್ಕು ವಾರದಷ್ಟನ್ನೇ ಕೊಡುತ್ತೇನೆ.

ಈಗ ವೇಳಾಪಟ್ಟಿ. ದಿನಕ್ಕೆ ಏಳೆಂಟು ಹೊತ್ತು ಔಷಧ ನುಂಗುವುದು ಯಾರಿಂದಲೂ ಆಗುವುದಿಲ್ಲ. ನಾಲ್ಕಕ್ಕೆ ತರುವುದು ನನ್ನ ಗುರಿ. ಎದ್ದ ತಕ್ಷಣ ಬರೀ ನೀರಿನ ಜೊತೆ ಥೈರಾಯ್ಡ್ ಮಾತ್ರೆ ಲೆವೊಥೈರಾಕ್ಸಿನ್. ಅರ್ಧದಿಂದ ಒಂದು ಗಂಟೆ ಬಿಟ್ಟು ತಿಂಡಿ, ತಿಂಡಿಯ ಜೊತೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಬಿ.ಪಿ. ಮಾತ್ರೆ. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಮಧ್ಯಾಹ್ನಕ್ಕೆ, ಥೈರಾಯ್ಡ್ ಮಾತ್ರೆಯಿಂದ ಕನಿಷ್ಠ ನಾಲ್ಕು ಗಂಟೆ ದೂರ. ರಾತ್ರಿ ಊಟದ ಜೊತೆ ಎರಡನೇ ಮೆಟ್‌ಫಾರ್ಮಿನ್, ಸ್ಟ್ಯಾಟಿನ್. ಅಟೋರ್ವಾಸ್ಟಾಟಿನ್ ಯಾವ ಹೊತ್ತಿಗಾದರೂ ಆದೀತು, ಸಿಮ್ವಾಸ್ಟಾಟಿನ್ ರಾತ್ರಿಗೇ ಬೇಕು. ಪ್ಯಾಂಟೊಪ್ರಜೋಲ್ ಥೈರಾಯ್ಡ್ ಔಷಧ ಹೀರಿಕೊಳ್ಳುವುದನ್ನು ತಗ್ಗಿಸುವುದು ಹೊಟ್ಟೆಯ ಆಮ್ಲ ಇಳಿಸುವ ಮೂಲಕ. ಹೊತ್ತಿನ ಅಂತರ ಇಟ್ಟು ಅದನ್ನು ತಪ್ಪಿಸಲಾಗದು, ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ನೋಡಿಯೇ ಡೋಸ್ ಹೊಂದಿಸಬೇಕು. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಅಲೆಂಡ್ರೊನೇಟ್ ಇರುವವರಿಗೆ ಖಾಲಿ ಹೊಟ್ಟೆಯ ಹೊತ್ತಿಗೆ ಎರಡು ಔಷಧ ಪೈಪೋಟಿಗೆ ಬೀಳುತ್ತವೆ. ಅವರಿಗೆ ಲೆವೊಥೈರಾಕ್ಸಿನ್ ಅನ್ನು ಊಟವಾಗಿ ಮೂರು ಗಂಟೆ ಕಳೆದು ಮಲಗುವ ಮುನ್ನ ತೆಗೆದುಕೊಳ್ಳುವ ದಾರಿಯನ್ನು ವೈದ್ಯರ ಮುಂದಿಡಬಹುದು. ಅಲೆಂಡ್ರೊನೇಟ್ ನುಂಗಿ ಅರ್ಧ ಗಂಟೆ ಮಲಗುವಂತಿಲ್ಲ ಎಂಬುದನ್ನು ಪ್ರತಿ ಸಲ ಹೇಳಬೇಕು, ಅನ್ನನಾಳ ಸುಡುತ್ತದೆ.

ವಾರದ ಮಾತ್ರೆ ಡಬ್ಬಿ ಬಹಳ ಜನಕ್ಕೆ ಒಗ್ಗುತ್ತದೆ. ಆದರೆ ನಾಲಿಗೆಯ ಕೆಳಗಿಡುವ ನೈಟ್ರೊಗ್ಲಿಸರಿನ್ ತನ್ನ ಬಾಟಲಿಯಲ್ಲೇ ಇರಬೇಕು, ಡಾಬಿಗಾಟ್ರಾನ್ ತನ್ನ ಪ್ಯಾಕಿನಲ್ಲೇ. ಸೋಡಿಯಂ ವಾಲ್‌ಪ್ರೊಯೇಟ್ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ಡೋಸ್ ಆಗಾಗ ಬದಲಾಗುವ ವಾರ್ಫರಿನ್, ಬೇಕಾದಾಗ ಮಾತ್ರ ನುಂಗುವ ಮಾತ್ರೆ ಡಬ್ಬಿಗೆ ಬೇಡ.

ಸಾಧನಗಳ ವಿಷಯದಲ್ಲಿ ಬಾಯಿಮಾತು ನಡೆಯುವುದಿಲ್ಲ, ಮಾಡಿ ತೋರಿಸಿ ಎನ್ನಬೇಕು. ಪಂಪ್ ಇನ್ಹೇಲರ್ ಆದರೆ ಅಲುಗಾಡಿಸಿ, ಉಸಿರು ಪೂರ್ತಿ ಬಿಟ್ಟು, ಒತ್ತುತ್ತಲೇ ನಿಧಾನವಾಗಿ ಎಳೆದು 10 ಸೆಕೆಂಡು ಹಿಡಿಯಬೇಕು. ಪುಡಿಯ ಇನ್ಹೇಲರ್ ಆದರೆ ಜೋರಾಗಿ, ಆಳವಾಗಿ ಎಳೆಯಬೇಕು. ಎರಡೂ ಬಗೆ ಒಬ್ಬರಿಗೇ ಬರೆದಿದ್ದರೆ ಅದಲುಬದಲಾಗುವುದು ಸಹಜ, ಆದಷ್ಟು ಒಂದೇ ಬಗೆಗೆ ಬದಲಿಸಲು ಕೇಳುತ್ತೇನೆ. ಸ್ಟೀರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಇನ್ಸುಲಿನ್ ಸೀಸೆಯಲ್ಲಿ ಮಿಲಿಗೆ 40 ಯೂನಿಟ್ಟಿನದೂ 100ರದೂ ಇವೆ. 100ರ ಸೀಸೆಯಿಂದ 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ಸೀಸೆ, ಸಿರಿಂಜು ಎರಡನ್ನೂ ಒಟ್ಟಿಗೆ ತರಿಸಿ ನೋಡಿ. ಪೆನ್ ಆದರೆ ಪ್ರತಿ ಸಲ 2 ಯೂನಿಟ್ ಗಾಳಿಗೆ ಬಿಟ್ಟು ಹನಿ ಬಂದದ್ದು ನೋಡಬೇಕು, ಚುಚ್ಚಿ ಒತ್ತಿದ ಮೇಲೆ 10 ಎಣಿಸಿ ಸೂಜಿ ತೆಗೆಯಬೇಕು. ಆಮೇಲೆ ಹೊಟ್ಟೆಯ ಚರ್ಮವನ್ನು ಬೆರಳಿಂದ ಸವರಿ ನೋಡಲು ಹೇಳುತ್ತೇನೆ. ಒಂದೇ ಜಾಗಕ್ಕೆ ಚುಚ್ಚಿದರೆ ಗಂಟು ಕಟ್ಟುತ್ತದೆ, ಅಲ್ಲಿಂದ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಡೋಸ್ ಏರುತ್ತಾ ಹೋಗುತ್ತದೆ. ಹೀಗೆ ಏರಿದ ಡೋಸಿನಲ್ಲಿ ಜಾಗ ಮಾತ್ರ ಬದಲಿಸಿದರೆ ಶುಗರ್ ಕುಸಿಯಬಹುದು. ಜಾಗ ಬದಲಿಸುವ ದಿನವೇ ವೈದ್ಯರೊಂದಿಗೆ ಡೋಸ್ ಮಾತಾಡಿಕೊಂಡಿರಬೇಕು.

ಶುಗರ್ 70ಕ್ಕಿಂತ ಇಳಿದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಶುಗರ್‌ಗೆ ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ತೆಗೆದುಕೊಳ್ಳುವವರಿಗೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಅದನ್ನು ಒಡೆಯುವ ಕಿಣ್ವವನ್ನೇ ಆ ಔಷಧ ತಡೆದಿರುತ್ತದೆ. ಗ್ಲೂಕೋಸ್ ಪುಡಿಯೇ ಮನೆಯಲ್ಲಿರಬೇಕು. ಬೀಟಾ ಬ್ಲಾಕರ್ ಇದ್ದರೆ ನಡುಕ, ಎದೆಬಡಿತ ಗೊತ್ತಾಗದೇ ಇರಬಹುದು. ಬೆವರು ಮಾತ್ರ ಬರುತ್ತದೆ, ಅದನ್ನೇ ಗುರುತಾಗಿ ಹೇಳಿಕೊಡುತ್ತೇನೆ.

ವಾಂತಿಭೇದಿ, ಜೋರು ಜ್ವರ ಬಂದು ನೀರು ನಿಲ್ಲದಿದ್ದಾಗ ಏನು ಮಾಡಬೇಕೆಂದು ಮೊದಲೇ ವೈದ್ಯರ ಒಪ್ಪಿಗೆಯೊಂದಿಗೆ ಒಂದು ಕಾರ್ಡಿನಲ್ಲಿ ಬರೆದುಕೊಟ್ಟಿರಬೇಕು. ಮೆಟ್‌ಫಾರ್ಮಿನ್, ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುವ ಡಾಪಾಗ್ಲಿಫ್ಲೋಜಿನ್ ಗುಂಪು, ರಾಮಿಪ್ರಿಲ್ ಮತ್ತು ಟೆಲ್ಮಿಸಾರ್ಟಾನ್ ಗುಂಪು, ನೀರಿಳಿಸುವ ಮಾತ್ರೆ, ನೋವಿನ ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸಿ, ಸರಿಯಾಗಿ ಊಟ ನೀರು ಸೇರಲು ಶುರುವಾಗಿ 24ರಿಂದ 48 ಗಂಟೆಯ ಮೇಲೆ ಮತ್ತೆ ಆರಂಭಿಸುವುದು. ಹೃದಯ ವೈಫಲ್ಯ ಇರುವವರು ಇದನ್ನು ತಾವಾಗಿ ಮಾಡದೆ ಮೊದಲು ಫೋನ್ ಮಾಡಬೇಕು. ಇನ್ಸುಲಿನ್ ಅನ್ನು ಪೂರ್ತಿ ನಿಲ್ಲಿಸಬಾರದು ಎಂಬ ಸಾಲಿಗೆ ಕೆಳಗೆರೆ ಎಳೆಯುತ್ತೇನೆ.

ಇಷ್ಟೆಲ್ಲ ನೋಡಿದರೆ ಒಬ್ಬರ ಪಟ್ಟಿಯಲ್ಲೇ ಹತ್ತು ಹನ್ನೆರಡು ಅಂಶ ಸಿಗುತ್ತವೆ. ಅಷ್ಟನ್ನೂ ವೈದ್ಯರಿಗೆ ಬರೆದರೆ ಯಾವುದೂ ಆಗುವುದಿಲ್ಲ. ಒಂದು ಪತ್ರಕ್ಕೆ ಮೂರು, ಅಪಾಯದ ಕ್ರಮದಲ್ಲಿ. ಕಂಡದ್ದು, ಆಧಾರ, ಸಲಹೆ: “78 ವರ್ಷ, 45 ಕೆ.ಜಿ., ಕ್ರಿಯಾಟಿನಿನ್ 1.1, ಲೆಕ್ಕದ ಕ್ಲಿಯರೆನ್ಸ್ ಸುಮಾರು 30. ಪ್ರೀಗ್ಯಾಬಲಿನ್ 150 ಮಿ.ಗ್ರಾಂ ದಿನಕ್ಕೆರಡು ಸಲ. ಹಗಲು ಮಂಪರು, ನಡೆಯುವಾಗ ತೂರಾಟ. ಕಿಡ್ನಿಗೆ ತಕ್ಕಂತೆ ಡೋಸ್ ತಗ್ಗಿಸುವುದನ್ನು ಪರಿಶೀಲಿಸುವಿರಾ?” ಇಷ್ಟೇ. ಪಾಠ ಹೇಳುವ ಧಾಟಿ ಬೇಡ. ರೋಗಿಯ ಎದುರು “ಇದನ್ನು ಯಾಕೆ ಬರೆದರೋ” ಎಂಬ ಮಾತು ಬಾಯಿಂದ ಬರಲೇಬಾರದು. ವೈದ್ಯರ ಮೇಲಿನ ನಂಬಿಕೆ ಹೋದರೆ ಬೇಕಾದ ಔಷಧವನ್ನೂ ಬಿಟ್ಟುಬಿಡುತ್ತಾರೆ.

ಔಷಧ ನಿಲ್ಲಿಸುವಾಗ ಒಂದು ಸಲಕ್ಕೆ ಒಂದೇ. ಎರಡು ಒಟ್ಟಿಗೆ ನಿಲ್ಲಿಸಿದರೆ ಏರುಪೇರು ಯಾವುದರಿಂದ ಎಂದು ತಿಳಿಯುವುದಿಲ್ಲ. ಬೀಟಾ ಬ್ಲಾಕರ್, ಕ್ಲೊನಿಡಿನ್, ನಿದ್ದೆ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಬಾರದು, ಹಂತಹಂತವಾಗಿ ಇಳಿಸಬೇಕು. ಬಹುಕಾಲ ನುಂಗಿದ ಪ್ಯಾಂಟೊಪ್ರಜೋಲ್ ಬಿಟ್ಟಾಗ ಕೆಲವು ವಾರ ಎದೆಯುರಿ ಮರುಕಳಿಸುತ್ತದೆ, ಕಾಯಿಲೆ ಮತ್ತೆ ಬಂತೆಂದು ಗಾಬರಿಯಾಗಬೇಡಿ ಎಂದು ಮುಂಚೆಯೇ ಹೇಳಿರಬೇಕು. ಆಸ್ಪಿರಿನ್ ಅಥವಾ ನೋವಿನ ಮಾತ್ರೆಯಿಂದ ಹೊಟ್ಟೆ ಕಾಯಲೆಂದು ಕೊಟ್ಟದ್ದಾದರೆ ಅದನ್ನು ನಿಲ್ಲಿಸುವ ಮಾತೇ ಎತ್ತುವುದಿಲ್ಲ. ವಯಸ್ಸಾದವರಲ್ಲಿ ಬಿ.ಪಿ.ಯನ್ನು ಕೂತಾಗ ಅಳೆದು, ಎದ್ದು ನಿಂತ 1 ಮತ್ತು 3 ನಿಮಿಷಕ್ಕೆ ಮತ್ತೆ ಅಳೆಯುತ್ತೇನೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಪತ್ರದ ಮೊದಲ ಸಾಲು.

ಬದಲಾವಣೆ ಆದಮೇಲೆ ನೋಡುವ ದಿನವನ್ನೂ ಪಟ್ಟಿಯಲ್ಲೇ ಬರೆದುಬಿಡುತ್ತೇನೆ. ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಶುರುವಾದರೆ ಒಂದೆರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ, ಕ್ರಿಯಾಟಿನಿನ್ ಶೇ. 30ರವರೆಗೆ ಏರಿ ನಿಂತರೆ ಸಾಮಾನ್ಯವಾಗಿ ಮುಂದುವರಿಸಬಹುದು. ಥೈರಾಯ್ಡ್ ಡೋಸ್ ಬದಲಾದರೆ 6ರಿಂದ 8 ವಾರಕ್ಕೆ ಟಿಎಸ್‌ಎಚ್, ಶುಗರ್ ಔಷಧಕ್ಕೆ 3 ತಿಂಗಳಿಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ). ಆಸ್ಪತ್ರೆಯಿಂದ ಬಂದವರಿಗೆ ಮೊದಲ ವಾರದೊಳಗೆ ಫೋನ್ ಮಾಡಿ ಮೂರು ಪ್ರಶ್ನೆ: ಯಾವುದು ಹೊಸದು, ಯಾವುದು ನಿಂತಿತು, ಯಾವುದರ ಡೋಸ್ ಬದಲಾಯಿತು. ನಿಂತ ಔಷಧದ ಹಳೆಯ ಸ್ಟ್ರಿಪ್ಪು ಮನೆಯಲ್ಲಿ ಉಳಿದಿದ್ದರೆ ಅದನ್ನು ನುಂಗುವವರೇ ಹೆಚ್ಚು, ಹಾಗಾಗಿ ಚೀಲ ಮತ್ತೊಮ್ಮೆ ತರಿಸುತ್ತೇನೆ. ಹೊಸ ಪಟ್ಟಿಗೆ ದಿನಾಂಕ ಹಾಕಿ ಮೂರು ಪ್ರತಿ: ಒಂದು ರೋಗಿಯ ಪರ್ಸಿನಲ್ಲಿ, ಒಂದು ಮನೆಯಲ್ಲಿ ನೋಡಿಕೊಳ್ಳುವವರ ಫೋನಿನಲ್ಲಿ, ಒಂದು ನನ್ನ ಬಳಿ. ಹಳೆಯ ಪಟ್ಟಿಯನ್ನು ಕೌಂಟರಿನಲ್ಲೇ ಹರಿದು ಹಾಕಿಸುತ್ತೇನೆ. ಎರಡು ಪಟ್ಟಿ ಉಳಿದರೆ ಮುಂದಿನ ವೈದ್ಯರ ಕೈಗೆ ಯಾವುದು ಸಿಗುತ್ತದೆಂದು ಹೇಳಲಾಗದು.